ಬಾನೆಟ್ ಮೇಲಿನ ಕುಂಕುಮ

ಬಣ್ಣಕ್ಕೆ ಗೀರು ಬೀಳದಂತೆ ಕಾರಿಗೆ ಪಾರದರ್ಶಕ ಫಿಲ್ಮ್ ಅಂಟಿಸುವುದರಲ್ಲಿ ನನ್ನನ್ನು ಮೀರಿಸುವವ ಮುಂಬೈಯ ಇಡೀ ಗೋರೆಗಾಂವ್‌ನಲ್ಲಿ ಇಲ್ಲ. ಅವತ್ತು ಉಡುಪಿ ಕಡೆಯ ಹೋಟೆಲ್ ಮಾಲೀಕರ ಹೊಸ ಎಲೆಕ್ಟ್ರಿಕ್ ಕಾರು ಬಂದಿತ್ತು. ಫಿಲ್ಮಿನಡಿ ಧೂಳೂ ಉಳಿಯಬಾರದಲ್ಲ, ಬಾನೆಟ್ ಮೇಲಿದ್ದ ಪೂಜೆಯ ಕುಂಕುಮ ಒರೆಸಿಬಿಟ್ಟೆ. ಜೊತೆಗೆ ಬಂದಿದ್ದ ಅವರ ತಾಯಿಯ ಕಣ್ಣು ತುಂಬಿತು.

"ಮಗನ ರಕ್ಷೆಗೆ ಇಟ್ಟದ್ದು ಮಾರಾಯ!"

"ಅಳಬ್ಯಾಡ್ರಿ ಅಜ್ಜಿ, ಫಿಲ್ಮ್ ಮ್ಯಾಲೆ ಮತ್ತ ಹಚ್ಚೀರಂತ."

"ಪ್ಲಾಸ್ಟಿಕ್ಕಿಗೆ ಹಚ್ಚಿದ್ರೆ ಕಾರಿಗೆ ಮುಟ್ತದಾ?"

ನಾನು ಬಾನೆಟ್ ಎತ್ತಿ, "ಒಳಗ ಫಿಲ್ಮ್ ಇರಂಗಿಲ್ಲ, ಇಲ್ಲೇ ಹಚ್ರಿ" ಅಂದೆ. ಅಜ್ಜಿ ಪರ್ಸಿನಿಂದ ಕುಂಕುಮ ತೆಗೆದು ಇಟ್ಟು, ಕೈಮುಗಿದು ಕೆಳಗೆ ನೋಡಿದರು. ಬರೀ ಖಾಲಿ ಜಾಗ.

"ಅಯ್ಯೋ, ಇಂಜಿನ್ನೇ ಹಾಕ್ಲಿಲ್ಲ ಮಾರಾಯ ಈ ಕಂಪನಿಯವರು!"

ಕರೆಂಟಿನ ಕಾರಿಗೆ ಇಂಜಿನ್ ಬೇಡವೆಂದು ಅಜ್ಜಿಗೆ ತಿಳಿಸಿ ಹೇಳಲು ಹಿಡಿದ ಹೊತ್ತಿನಲ್ಲಿ ನಾನು ಎರಡು ಬಾಗಿಲಿಗೆ ಫಿಲ್ಮ್ ಅಂಟಿಸಿ ಮುಗಿಸಿರುತ್ತಿದ್ದೆ.