ಲಗ್ಗೆರೆಯ ಎರೆಮಣ್ಣು

ತೊಂಬತ್ತರ ದಶಕದ ನಡುವಿನ ಮಾತು. ಪೀಣ್ಯದ ಒಂದು ಪರೀಕ್ಷಾ ಲ್ಯಾಬಿನಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಹೆಸರಿಗೆ ಕೆಮಿಸ್ಟ್, ಬಾಟಲಿ ತೊಳೆಯುವುದೂ ನನ್ನದೇ ಕೆಲಸ. ಲೋಹ ಅಳೆಯುವ ಯಂತ್ರಕ್ಕೆ ಧೂಳು ಆಗುವುದಿಲ್ಲವೆಂದು ಕಿಟಕಿಗಳಿಗೆಲ್ಲ ಮೊಳೆ ಹೊಡೆದಿದ್ದರು. ಆಸಿಡ್ಡಿನ ಹೊಗೆ ನಮಗೆ ಆಗುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಸಂಜೆ ಲಗ್ಗೆರೆಯ ವಠಾರಕ್ಕೆ ಮರಳಿದರೆ ಅಲ್ಲಿ ಒಂದೇ ಕೋಣೆ, ಒಂದೇ ಕಿಟಕಿ, ಕಿಟಕಿಯ ಎದುರಿಗೇ ಲೋಹಕ್ಕೆ ನಿಕಲ್, ಕ್ರೋಮಿಯಂ ಹೊಳಪು ಹಚ್ಚುವ ಪ್ಲೇಟಿಂಗ್ ಷೆಡ್ಡಿನ ಗೋಡೆ. ಉಸಿರು ಬಿಡಲೂ ಆ ಗೋಡೆಯ ಅಪ್ಪಣೆ ಬೇಕೇನೋ ಎನಿಸುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಗದಗಿನ ಕಡೆಯಿಂದ ಅವ್ವನನ್ನೂ ಅದೇ ಕೋಣೆಗೆ ಕರೆತಂದಿದ್ದೆ. ಊರಲ್ಲಿದ್ದ ಬಾಡಿಗೆ ಮನೆ ಬಿಟ್ಟಾಗಿತ್ತು, ತಿರುಗಿ ಹೋಗಲು ಜಾಗವಿರಲಿಲ್ಲ. ಬೆಂಗಳೂರಿನ ಮೇಲೆ ಅವಳಿಗೆ ನೂರೆಂಟು ದೂರು. ಎಲ್ಲಕ್ಕಿಂತ ದೊಡ್ಡದು ಇಲ್ಲಿನ ಕೆಂಪು ಮಣ್ಣಿನ ಮೇಲೆ. ಮೊದಲ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆಯ ಎತ್ತು ಮಾಡಲು ಕೂತಳು. ಎಷ್ಟು ತಿದ್ದಿದರೂ ಕೊಂಬು ನಿಲ್ಲಲಿಲ್ಲ.

"ಈ ಊರಾಗ ಮಣ್ಣು ಸೈತ ನಮ್ಮ ಮಾತು ಕೇಳಂಗಿಲ್ಲ" ಎಂದು ಕೈ ಒರೆಸಿಕೊಂಡು ಎದ್ದುಬಿಟ್ಟಳು. ಆ ದಿನ ಊಟ ಮಾಡಲಿಲ್ಲ.

ಮರುವರ್ಷ ಅಮಾವಾಸ್ಯೆಯ ಮುಂಚೆ ವಠಾರದ ಹತ್ತಿರದ ಕೆರೆಯ ಕಡೆ ಹೋದವಳು ಪುಟ್ಟಿ ತುಂಬ ಕಪ್ಪು ಮಣ್ಣು ಹೊತ್ತು ತಂದಳು. ಮುಖ ಊರಷ್ಟಗಲ. "ನೋಡಲ್ಲೆ, ನಮ್ಮ ಎರಿಮಣ್ಣಽ ಐತಿ! ಕೆರಿ ದಂಡ್ಯಾಗ ಬೇಕಾದಷ್ಟು ಬಿದ್ದೈತಿ!" ಕೊಂಬು ನೆಟ್ಟಗೆ ನಿಂತವು. ಉಳಿದ ಮಣ್ಣನ್ನು ಹಳೆಯ ಎಣ್ಣೆ ಡಬ್ಬಿಗಳಿಗೆ ತುಂಬಿ, ಊರಿನಿಂದ ತಂದಿಟ್ಟುಕೊಂಡಿದ್ದ ಪುಂಡಿ ಸೊಪ್ಪಿನ ಬೀಜ ಹಾಕಿದಳು. ಹುಳಿ ಹುಳಿ ಪುಂಡಿಪಲ್ಯ, ಜೋಳದ ನುಚ್ಚು, ರೊಟ್ಟಿ. ವಠಾರದ ಹೆಂಗಸರನ್ನು ಕರೆದು ಉಣಿಸಿದಳು, ಅವರ ಹೆಸರುಗಳನ್ನು ಕಲಿತಳು. ಅವ್ವ ಈ ಊರಲ್ಲಿ ನಕ್ಕಿದ್ದನ್ನು ನಾನು ನೋಡಿದ್ದೇ ಆಗ. ನನಗೆ ಎದೆ ಹಗುರಾಯಿತು.

ಆ ಮಳೆಗಾಲದಲ್ಲೇ ಕರಾವಳಿಯ ಒಬ್ಬ ಸಂಶೋಧಕಿ ನಮ್ಮ ಲ್ಯಾಬಿಗೆ ಐಸ್ ಪೆಟ್ಟಿಗೆಗಳನ್ನು ಕಳಿಸಿದಳು. ಒಳಗೆ ಸಮುದ್ರದ ನೀರು, ತಳದ ಕೆಸರು, ಜೊತೆಗೆ ಆ ಕೆಸರಲ್ಲಿ ಬೆಳೆಯುವ ಹುಲ್ಲು. ಕಡಲೊಳಗೂ ಹುಲ್ಲು ಇರುತ್ತದೆಂದು ನನಗೆ ಗೊತ್ತಾದದ್ದೇ ಅಂದು. ಲ್ಯಾಬಿನ ಮಾಲೀಕರಿಗೆ ಹೆಮ್ಮೆ, ನನ್ನನ್ನು ಕರೆದು ಪೆಟ್ಟಿಗೆ ತೋರಿಸಿದರು. "ನೋಡ್ರೀ ಮೇಡಂ, ಸಮುದ್ರದ ಕೆಸರು ಪೀಣ್ಯ ಹುಡ್ಕೊಂಡು ಬಂತು!" ಕೂಗಳತೆಯ ಕೆರೆಯ ಕೆಸರು ಮಾತ್ರ ಒಂದು ದಿನವೂ ನಮ್ಮ ಬಾಗಿಲಿಗೆ ಬಂದಿರಲಿಲ್ಲ. ಅದಕ್ಕೆ ಫೀಸು ಕಟ್ಟುವವರು ಯಾರು?

ಕಡಲಿನ ನೀರಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಕಾರ್ಖಾನೆಗಳು ಬಿಟ್ಟ ಲೋಹವೆಲ್ಲ ತಳಕ್ಕಿಳಿದು ಕೆಸರಲ್ಲಿ ಕೂತಿತ್ತು, ಬೇರಿನಿಂದ ಹುಲ್ಲಿಗೂ ಏರಿತ್ತು. ಓವನ್ನಿನಲ್ಲಿ ಒಣಗಿಸಿದ ಆ ಕರಿ ಕೆಸರನ್ನು ಅರೆಯುತ್ತಿದ್ದಾಗ ಅವ್ವನ ಡಬ್ಬಿಗಳು ಕಣ್ಣ ಮುಂದೆ ಬಂದವು. ನಮ್ಮ ಕೆರೆಗೆ ಎರೆಮಣ್ಣು ಎಲ್ಲಿಂದ ಬಂತು? ಸುತ್ತ ಎಲ್ಲಿ ಅಗೆದರೂ ಕೆಂಪೇ ಅಲ್ಲವೇ? ಕೈ ನಿಂತುಹೋಯಿತು.

ಮರುದಿನ ನಾಲ್ಕು ಪುಂಡಿ ಎಲೆ, ಒಂದು ಹಿಡಿ ಮಣ್ಣು ಕಟ್ಟಿಕೊಂಡು ಲ್ಯಾಬಿಗೆ ಹೋಗಿ ಅಳೆದೆ. ಎಲೆಯಲ್ಲೂ ಮಣ್ಣಿನಲ್ಲೂ ನಿಕಲ್, ಕ್ರೋಮಿಯಂ ಎರಡೂ ಇದ್ದವು. ಇದರ ಮುಂದೆ ಆ ಕಡಲಹುಲ್ಲು ಪಾಪ, ಏನೂ ಅಲ್ಲ. ನನ್ನ ಹಿಂದೆಯೇ ನಿಂತಿದ್ದ ಮಾಲೀಕರು ಯಂತ್ರದ ಕಡೆ ಬಗ್ಗಿದರು.

"ಯಾರ ಸ್ಯಾಂಪಲ್ರೀ ಇದು?"

"ನಮ್ಮನೆ ಸೊಪ್ಪು ಸಾರ್. ಕೆರೆ ಮಣ್ಣಲ್ಲಿ ಬೆಳೆದಿದ್ದು."

ಅವರು ದನಿ ತಗ್ಗಿಸಿದರು. "ನಮ್ಮ ಪಾರ್ಟಿಗಳೆಲ್ಲ ಫ್ಯಾಕ್ಟರಿ ನೀರನ್ನ ಆ ಕೆರೆಗೇ ಬಿಡೋದು ಕಣ್ರೀ. ಸೊಪ್ಪು ಬೇಕಾದ್ರೆ ಮಾರ್ಕೆಟ್ಟಲ್ಲಿ ತಗೊಳ್ಳಿ. ಆಚೆ ಮಾತ್ರ ಬಾಯಿ ಬಿಡ್ಬೇಡಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಯಾರ ಮೇಲೆ ಹಾರಾಡುವುದು? ಆ ಪಾರ್ಟಿಗಳು ಕಟ್ಟುವ ಫೀಸಿನಿಂದಲೇ ನನ್ನ ಸಂಬಳ, ಆ ಸಂಬಳದಿಂದಲೇ ಕೋಣೆಯ ಬಾಡಿಗೆ. ಬಸ್ಸಿನಲ್ಲಿ ನೇತಾಡಿಕೊಂಡು ಬರುವಾಗ ನನ್ನನ್ನು ಕಾಡಿದ್ದು ಇನ್ನೂ ಚಿಕ್ಕ ಸಂಗತಿ. ಅವ್ವನಿಗೆ ಈ ಊರಲ್ಲಿ ದಕ್ಕಿದ್ದು ಆ ಡಬ್ಬಿಗಳಷ್ಟೇ. ಅದನ್ನು ಕಿತ್ತುಕೊಳ್ಳಬೇಕಾದವಳು ನಾನು.

ಅವಳು ಸೊಪ್ಪು ಬಿಡಿಸುತ್ತ ಕೂತಿದ್ದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಜಗಳಕ್ಕೆ ಬರುತ್ತಾಳೆಂದುಕೊಂಡಿದ್ದೆ, ಬರಲಿಲ್ಲ.

"ಅದು ಎರಿಮಣ್ಣ ಅಲ್ಲೇನು?"

"ಅಲ್ಲಬೇ. ಫ್ಯಾಕ್ಟರಿ ಹೊಲಸು."

ಅವ್ವ ಎದ್ದು ಗಿಡಗಳನ್ನು ಬೇರುಸಹಿತ ಕಿತ್ತಳು. ಡಬ್ಬಿಗಳನ್ನು ಒಂದೊಂದಾಗಿ ಹೊತ್ತು ಬೀದಿಯ ಕಸದ ಗುಂಡಿಗೆ ಸುರಿದು ಬಂದಳು. ಅತ್ತದ್ದು ನಾನು. ಅವಳು ವಠಾರದ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದಳು. ತೊಳೆಯುತ್ತಲೇ ನಿಧಾನವಾದಳು. ಆ ನಲ್ಲಿಗೆ ನೀರು ಬರುತ್ತಿದ್ದದ್ದು ಕೆರೆಯ ಪಕ್ಕದ ಬೋರ್‌ವೆಲ್ಲಿನಿಂದ, ಅದು ವಠಾರಕ್ಕೆಲ್ಲ ಗೊತ್ತಿತ್ತು.

ಅವಳು ನನ್ನ ಮುಖ ನೋಡಿದಳು. ನಾನು ಕಣ್ಣೊರೆಸಿಕೊಂಡು, "ನಾಳೆ ಒಂದ ಬಾಟ್ಲಿ ಒಯ್ದು ನೋಡ್ತೀನಿ" ಎಂದೆ.

"ಬ್ಯಾಡ ನನ್ನವ್ವ, ನೋಡಬ್ಯಾಡ" ಎಂದು ಒದ್ದೆ ಕೈಯಿಂದಲೇ ನನ್ನ ಮುಂಗೈ ಹಿಡಿದಳು. "ಪಲ್ಯಾ ಚೆಲ್ಲಿದ್ವಿ, ಆತು. ನೀರು ಚೆಲ್ಲಿ ಏನು ಕುಡಿಯೂಣು?"

ಆಮೇಲೆ ಕೊಡ ತಂದು ನಲ್ಲಿಯ ಕೆಳಗಿಟ್ಟಳು. ತುಂಬಿದ ಮೇಲೆ ನಾನೇ ಅದನ್ನು ಎತ್ತಿ ಒಳಗಿಟ್ಟೆ.