ಚಕ್ ಕೀ ತೆಗೀದ ಹೀರೋ

ಇದನ್ನ ಯಾರಿಗೂ ಹೇಳಿಲ್ಲ. ನಾನು ಪುಸ್ತಕ ಓದಿದ್ರೂ ಅಳೋ ಗಿರಾಕಿ, ಅದಕ್ಕೇ ಸಿನಿಮಾಗೆ ಒಬ್ನೇ ಹೋಗ್ತೀನಿ. ಹೋದ್ ಭಾನುವಾರ ದಾಸರಹಳ್ಳಿ ಥಿಯೇಟರಲ್ಲಿ ಹೀರೋ ಅಮ್ಮ ಸತ್ತೋದ್ರು. ಅವನು ಅದೇ ದುಃಖದಲ್ಲಿ ಫ್ಯಾಕ್ಟರಿಗೆ ಬಂದು ಲೇತ್ ಮೆಷಿನ್ ಮುಂದೆ ನಿಂತ. ನನ್ ಕಣ್ಣಲ್ಲಿ ನೀರೋ ನೀರು. ಅವನು ಸ್ವಿಚ್ಚಿಗೆ ಕೈ ಹಾಕಿದ್ದೇ ತಡ, ಪಕ್ಕದ ಸೀಟಿನ ನೀಲಿ ಯೂನಿಫಾರ್ಮ್ ಅಣ್ಣ ಎದ್ದು ನಿಂತು ಕೂಗಿದ್ರು.

"ಲೋ, ಚಕ್ ಕೀ ತೆಗಿಯೋ!"

ಹಾಲ್ ತುಂಬ ಪೀಣ್ಯ ಫ್ಯಾಕ್ಟರಿಗಳವ್ರೇ. ಎಲ್ರೂ ಶುರು ಹಚ್ಕೊಂಡ್ರು.

"ಬಿಗಿ ಮಾಡೋ ಕೀನ ಚಕ್ಕಲ್ಲೇ ಬಿಟ್ಟಿದೀಯ, ಮೆಷಿನ್ ತಿರುಗಿದ್ರೆ ಹಾರಿ ಮುಖಕ್ಕೆ ಬಡಿಯುತ್ತೆ ಗುರು!"

"ಮೊದ್ಲು ಆ ಶಾಲು ಬಿಚ್ಚೋ, ಸುತ್ಕೊಳ್ಳುತ್ತೆ!"

ಅಣ್ಣ ಕೂತ್ಕೊಂಡು ನನ್ ಕಡೆ ತಿರುಗಿದ್ರು. "ನೀನ್ಯಾಕಪ್ಪ ಅಳ್ತಿದೀಯ?"

ಹೀರೋ ಅಮ್ಮ ಸತ್ರು ಅಂತ ಹೇಳೋಕೆ ಮರ್ಯಾದೆ ಅಡ್ಡ ಬಂತು. "ಕೀ ತೆಗೀಲಿಲ್ವಲ್ಲಣ್ಣ," ಅಂದೆ.

ಅವ್ರ ಮುಖ ಅರಳ್ತು. "ಶಭಾಷ್! ಯಾವ್ ಫ್ಯಾಕ್ಟರೀಲಿ ಕೆಲ್ಸ?"

"ಸೆಕೆಂಡ್ ಪಿಯುಸಿ."

ಆಮೇಲೆ ಸಿನಿಮಾ ಮುಗಿಯೋವರ್ಗೂ ಕಿವೀಲಿ ಲೇತ್ ಪಾಠ. ಹೀರೋ ಕೊನೇಲಿ ಯಾರನ್ನ ಮದ್ವೆ ಆದ ಅಂತ ನಂಗೊತ್ತಿಲ್ಲ. ಕೀ ಮಾತ್ರ ಲಾಸ್ಟ್ ಸೀನಲ್ಲೂ ಅಲ್ಲೇ ಇತ್ತು, ನಾನೇ ನೋಡ್ದೆ.