ಕೈಯಲ್ಲಿ ಮಾತ್ರ ಒಗೆಯಿರಿ

ಆ ಮನೆಯಲ್ಲಿ ಬಟ್ಟೆ ಒಗೆಯುವವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಮನೆಯೊಡತಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳಾದರೂ. ಹನ್ನೊಂದು ವರ್ಷದ ಕೆಲಸ. ಬಲ ಮಣಿಕಟ್ಟು ನೋಯತೊಡಗಿ ವರ್ಷವಾಗಿತ್ತು. ಹಿಂಡುವುದು ಬಿಡದಿದ್ದರೆ ಮುಂದೆ ಲೋಟ ಹಿಡಿಯುವುದೂ ಕಷ್ಟವೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಬಚ್ಚಲ ಪಕ್ಕದಲ್ಲೊಂದು ವಾಷಿಂಗ್ ಮೆಷಿನ್ ಇತ್ತೆಂದೇ ಅವಳಿನ್ನೂ ಆ ಕೆಲಸದಲ್ಲಿ ಉಳಿದಿದ್ದಳು.

ಅಷ್ಟರಲ್ಲಿ ಒಡತಿಗೆ ನೈಸರ್ಗಿಕ ಬಣ್ಣದ ಹುಚ್ಚು ಹಿಡಿಯಿತು. ಕಾರ್ಖಾನೆಯ ಬಣ್ಣ ಹೊಳೆಗೂ ವಿಷ, ಮೈಗೂ ವಿಷ ಎಂದು ಎಲ್ಲೋ ಕೇಳಿಬಂದವಳು ಬೀರುವಿನ ಅರ್ಧ ಬಟ್ಟೆಯನ್ನು ಯಾರು ಯಾರಿಗೋ ಕೊಟ್ಟುಬಿಟ್ಟಳು. ಬೇರು, ತೊಗಟೆ, ದಾಳಿಂಬೆ ಸಿಪ್ಪೆಯ ರಸದಲ್ಲಿ ಅದ್ದಿದ ಕುರ್ತಾ, ಹೊದಿಕೆ, ಪರದೆಗಳು ಬಂದವು. ಪ್ರತಿಯೊಂದಕ್ಕೂ ಒಂದು ಚೀಟಿ: ಕೈಯಲ್ಲಿ ಮಾತ್ರ ಒಗೆಯಿರಿ, ಬೇರೆ ಬೇರೆ ನೆನೆಸಿ, ಸೋಪು ಬೇಡ, ನೆರಳಲ್ಲಿ ಒಣಗಿಸಿ. ಯಾರ ಕೈ ಎಂದು ಮಾತ್ರ ಬರೆದಿರಲಿಲ್ಲ.

ಅಕ್ಕನ ಮುಂದೆ ಐದು ಬಕೆಟ್ಟು ಸಾಲಾಗಿ ನಿಂತವು.

"ಬಾಣಂತೀರ ಥರ ಕಣೇ ಈ ಬಟ್ಟೆಗಳು," ಎಂದು ಅಕ್ಕ ಮನೆಗೆ ಬಂದು ಮಗಳ ಮುಂದೆ ನಕ್ಕಳು. "ಬಿಸಿಲು ಆಗ್ಬಾರ್ದು, ಉಜ್ಜಬಾರ್ದು. ನಂಗೆ ಎರಡು ಹೆರಿಗೇಲೂ ಇಷ್ಟು ಉಪಚಾರ ಸಿಗ್ಲಿಲ್ಲ."

"ಅರ್ಧ ಆದ್ರೂ ಮೆಷಿನ್‌ಗೆ ಹಾಕ್ತೀನಿ ಅಂತ ಕೇಳಮ್ಮ. ಬಾಯಿಲ್ವಾ ನಿಂಗೆ?"

ಮಗಳು ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ವಾರವಿಡೀ ಕಾಲೇಜು, ಸಂಜೆ ಅಂಗಡಿ ಕೆಲಸ. ಓದಿಗೆ ಸಿಗುತ್ತಿದ್ದುದು ಭಾನುವಾರವೊಂದೇ.

ಕೇಳಿಯೇಬಿಡೋಣವೆಂದು ಹೋದ ದಿನವೇ ಎಡವಟ್ಟಾಯಿತು. ಅರಿಶಿನದಲ್ಲಿ ಅದ್ದಿದ ಕುರ್ತಾದ ಮೇಲೆ ಎಣ್ಣೆಯ ಕಲೆ. ಅಂಟುವಾಳದ ನೀರಿಗೆ ಅದು ಜಗ್ಗಲಿಲ್ಲ, ಉಜ್ಜಲು ಮಣಿಕಟ್ಟು ಕೇಳಲಿಲ್ಲ. ಆಚೀಚೆ ನೋಡಿ ಸೋಪು ಹಚ್ಚಿದಳು. ಎದೆಭಾಗವೆಲ್ಲ ಕೆಂಪಾಗಿಹೋಯಿತು.

"ಅಯ್ಯಯ್ಯೋ, ಏನು ಮಾಡ್ಬಿಟ್ಟೆ ಅಕ್ಕಾ!" ಒಡತಿ ಬಾಗಿಲಲ್ಲೇ ನಿಂತಿದ್ದಳು.

"ಗಾಬರಿ ಆಗ್ಬೇಡಿ ಅಮ್ಮಾ. ಅರಿಶಿನ ಮೆತ್ತಿದ ಮಸಿಬಟ್ಟೆಗೆ ಸೋಪು ಹಾಕಿದ್ರೂ ಹೀಗೇ ಆಗುತ್ತೆ. ಒಂದು ನಿಂಬೆಹಣ್ಣು ಕೊಡಿ."

ನಿಂಬೆನೀರಿನಲ್ಲಿ ಜಾಲಿಸುತ್ತಿದ್ದಂತೆ ಕೆಂಪು ಮಾಯವಾಗಿ ಹಳದಿ ತಿರುಗಿ ಬಂತು. ಒಡತಿ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಇದೇ ಸಮಯವೆಂದು ಅಕ್ಕ ಬಾಯಿಬಿಟ್ಟಳು.

"ಅಮ್ಮಾ, ಕೈ ತುಂಬಾ ನೋಯುತ್ತೆ. ಸ್ವಲ್ಪ ಬಟ್ಟೆ ಮೆಷಿನ್‌ಗೆ..."

"ಮೆಷಿನ್ನಾ? ಇಂಥ ಕೈ ಇಟ್ಕೊಂಡು? ಅದನ್ನ ನನ್ನ ತಂಗಿಗೆ ಕೊಡ್ತಿದೀನಿ. ನೋಡು, ಇನ್ಮೇಲೆ ನನ್ನ ಗೆಳತೀರ ಬಟ್ಟೇನೂ ಬರುತ್ತೆ, ಅವರ ಮನೇಲಿ ಯಾರಿಗೂ ಈ ವಿದ್ಯೆ ಗೊತ್ತಿಲ್ಲ. ಕೈ ನೋವಾದ್ರೆ ಭಾನುವಾರ ಮಗಳನ್ನ ಕರ್ಕೊಂಡು ಬಾ. ಕಲೀಲಿ. ಹಳೇ ಕಾಲದ್ದೆಲ್ಲ ಉಳೀಬೇಕಲ್ವಾ?"

ಕೆಲಸ ಬಿಟ್ಟುಬಿಡಬಹುದಿತ್ತು. ಆದರೆ ಬೀದಿಯ ಉಳಿದ ಮನೆಗಳಿಗೆಲ್ಲ ಮೆಷಿನ್ ಬಂದು, ಒಗೆಯುವವರು ಬೇಡವಾಗಿ ಎಷ್ಟೋ ಕಾಲವಾಗಿತ್ತು.

ಭಾನುವಾರ ಮಗಳು ಪುಸ್ತಕ ಮುಚ್ಚಿಟ್ಟು ಜೊತೆಗೆ ಬಂದಳು. ನೀರು ಕುಡಿದು ಭಾರವಾದ ಹೊದಿಕೆಯ ಒಂದು ತುದಿ ತಾಯಿಗೆ, ಇನ್ನೊಂದು ಮಗಳಿಗೆ. "ಹಾಗಲ್ಲ, ಒಳಗಡೆಗೆ ತಿರುವು," ಎಂದು ಅಕ್ಕ ಹೇಳಿಕೊಟ್ಟಳು. ನೆರಳಿನ ಹಗ್ಗದ ಮೇಲೆ ಸಾಲಾಗಿ ತೂಗಿದ ಬಣ್ಣಗಳನ್ನು ಕಂಡು ಒಡತಿ ಮೊಬೈಲ್ ತಂದಳು. ಫೋಟೋಕ್ಕೆ ಅಡ್ಡವೆಂದು ಇಬ್ಬರನ್ನೂ ಪಕ್ಕಕ್ಕೆ ಸರಿಯಲು ಹೇಳಿದಳು.

ಸರಿದು ನಿಂತಲ್ಲೇ ಮಗಳು ಮುಂದಿನ ಬಕೆಟ್ಟಿಗೆ ಕೈಹಾಕಿದಳು. ಅಕ್ಕ ನೋಡುತ್ತ ನಿಂತಳು. ಹುಡುಗಿ ಆಗಲೇ ಚೆನ್ನಾಗಿ ಹಿಂಡುತ್ತಿದ್ದಳು.